ಭಾನುವಾರದ ತರಗತಿಗೆ ಬಂದ ತಾಯಿ

ಚನ್ನಗಿರಿ ತಾಲ್ಲೂಕಿನ ಒಂದು ಸರ್ಕಾರಿ ಪದವಿಪೂರ್ವ ಕಾಲೇಜಿನಲ್ಲಿ ನಾನು ಜೀವಶಾಸ್ತ್ರ ಪಾಠ ಮಾಡುತ್ತೇನೆ. ಮೂರು ವರ್ಷದ ಹಿಂದೆ ದ್ವಿತೀಯ ಪಿಯುಸಿ ಮಕ್ಕಳಿಗೆ ಸಿಇಟಿ ತರಬೇತಿ ಕೊಡಲು ಸರ್ಕಾರದಿಂದ ಅನುದಾನ ಬಂತು. ಭಾನುವಾರ ಬೆಳಿಗ್ಗೆ ತರಗತಿ, ಪುಸ್ತಕ ಉಚಿತ, ಕೊನೆಗೆ ಉಪ್ಪಿಟ್ಟು. ಮೊದಲ ದಿನ ಇಪ್ಪತ್ತು ಮಕ್ಕಳು ಬಂದರು, ಜೊತೆಗೆ ಒಬ್ಬ ಹೆಂಗಸು.

ಆಕೆ ಸಂತೇಬೆನ್ನೂರು ಕಡೆಯವರು. ಒಂದೆಕರೆ ಮೆಕ್ಕೆಜೋಳದ ಹೊಲ, ಉಳಿದ ದಿನ ಬೇರೆಯವರ ಹೊಲದಲ್ಲಿ ಕೂಲಿ. ಮಗಳು ಮುಂದಿನ ಸಾಲಿನಲ್ಲಿ ಕುಳಿತರೆ ತಾಯಿ ಹಿಂದೆ. ಹುಡುಗಿಯನ್ನು ಒಬ್ಬಳೇ ಬಸ್ಸಿಗೆ ಕಳಿಸಲು ಹೆದರಿ ಬಂದಿರಬೇಕು ಎಂದುಕೊಂಡೆ. ಮೂರನೇ ಭಾನುವಾರವೂ ಬಂದಾಗ ಕೇಳಿಯೇಬಿಟ್ಟೆ.

"ಮಗಳ ಹೆಸರಿನಾಗೆ ಒಂದು ಬಾಂಡ್ ಐತೆ ಮೇಡಂ," ಎಂದರು. "ಅವಳು ಹುಟ್ಟಿದಾಗ ಸರ್ಕಾರದೋರು ಇಟ್ಟಿದ್ದು. ಹದಿನೆಂಟು ತುಂಬಿದ ಮೇಲೆ ಕೈಗೆ ಬರ್ತೈತೆ. ಅದನ್ನ ಕಾಲೇಜಿಗೆ ಹಾಕಾನ ಅಂತಾಳೆ. ಬಿತ್ತನೆ ಬೀಜ ತರಾಕೆ ಹೋದ್ರೂ ಅಂಗೈಯಾಗೆ ಹಾಕ್ಕೊಂಡು ನೋಡ್ತೀವಿ. ಈ ಓದು ಅಂದ್ರೆ ಏನು ಅಂತ ನೋಡಾಕೆ ಬಂದೀನಿ."

ಹದಿನಾರು ವರ್ಷ ಪಾಠ ಮಾಡಿದ್ದೇನೆ. ಓದನ್ನು ಹೀಗೆ ಪರೀಕ್ಷಿಸಲು ಬಂದವರನ್ನು ಕಂಡಿರಲಿಲ್ಲ. ಕೂತಿರಿ ಎಂದೆ.

ಬಿಎಸ್ಸಿ ಕೃಷಿ ಸೇರಬಯಸುವ ರೈತರ ಮಕ್ಕಳಿಗೆ ಸಿಇಟಿ ಜೊತೆಗೆ ಒಂದು ಪ್ರಾಯೋಗಿಕ ಪರೀಕ್ಷೆ ಇರುತ್ತದೆ. ಮೇಜಿನ ಮೇಲೆ ಇಟ್ಟ ಬೀಜ, ಗೊಬ್ಬರ, ಕಳೆಗಳನ್ನು ನೋಡಿ ಗುರುತಿಸಬೇಕು. ನಾನು ಪೇಟೆಯಲ್ಲೇ ಬೆಳೆದವಳು. ಅಂಗಡಿಯಿಂದ ಬೀಜ ತಂದು, ಚೀಟಿ ಅಂಟಿಸಿ, ಒಂದೊಂದನ್ನೇ ಎತ್ತಿ ತೋರಿಸುತ್ತಿದ್ದೆ.

"ಮೇಡಂ, ಅದು ಸಾಮೆ ಅಲ್ಲ ಕಣ್ರಿ, ನವಣೆ," ಎಂದು ಹಿಂದಿನಿಂದ ಧ್ವನಿ ಬಂತು.

ಮಕ್ಕಳು ನಕ್ಕರು. ಮಗಳು ತಲೆ ತಗ್ಗಿಸಿದಳು. ನನಗೂ ಮುಖ ಬಿಸಿಯಾಯಿತು. ಆಕೆ ಎದ್ದು ಬಂದು ಎರಡೂ ಕಾಳನ್ನು ನನ್ನ ಅಂಗೈಗೆ ಸುರಿದರು. "ಸಾಮೆ ಬೂದು ಬಣ್ಣ, ಹಿಡಿದ್ರೆ ಜಾರ್ತೈತೆ. ಇದು ಹಳದಿ ನೋಡ್ರಿ."

ಹೌದು, ಚೀಟಿ ಅದಲುಬದಲಾಗಿತ್ತು. ಉಳಿದ ಬೀಜಗಳನ್ನೂ ನೀವೇ ಹೇಳಿ ಎಂದೆ.

ಮುಂದಿನ ವಾರ ಅವರು ಒಂದು ಚೀಲ ತುಂಬ ಕಳೆಗಳನ್ನು ಬೇರುಸಹಿತ ಕಿತ್ತು ತಂದರು. ಮಕ್ಕಳ ಕಣ್ಣು ಮುಚ್ಚಿಸಿ, ಕಾಳನ್ನು ಕೈಗೆ ಕೊಟ್ಟು ಹೆಸರು ಕೇಳಿದರು. "ಬಿತ್ತುವಾಗ ಕೂರಿಗೆ ಬಟ್ಟಲಾಗಿನ ಕಾಳು ನೋಡ್ಕೊಂತ ಕೂಡ್ರಾಕೆ ಆಗಲ್ಲ. ಕೈಗೇ ಗೊತ್ತಾಗ್ಬೇಕು," ಎಂದರು.

ಪಾಠ ಮುಗಿದ ಮೇಲೆ ಅವರ ಪ್ರಶ್ನೆಗಳು ಶುರುವಾಗುತ್ತಿದ್ದವು. ಒಂದೇ ದಿನ ಬಿತ್ತಿದ ಕಾಳಿನಲ್ಲಿ ಒಂದು ತಡವಾಗಿ ಮೊಳೆಯುವುದೇಕೆ? ಕಾಂಗ್ರೆಸ್ ಗಿಡವನ್ನು ದನ ಮುಟ್ಟುವುದಿಲ್ಲವಲ್ಲ, ಅದು ವಿಷ ಅಂತ ದನಕ್ಕೆ ಹೇಗೆ ತಿಳಿಯುತ್ತದೆ? ಒಮ್ಮೆ ಸೂಕ್ಷ್ಮದರ್ಶಕದಲ್ಲಿ ಈರುಳ್ಳಿ ಸಿಪ್ಪೆ ತೋರಿಸಿದೆ. ಬಹಳ ಹೊತ್ತು ಬಗ್ಗಿಯೇ ಇದ್ದರು. "ಇಟ್ಟಿಗೆ ಗೋಡೆ ಕಟ್ಟಿದಂಗೆ ಐತಲ್ಲ ಮೇಡಂ. ನಮ್ಮ ಮೈಯಾಗೂ ಹಿಂಗೇ ಐತಾ?" ನನ್ನ ಕೆನ್ನೆಯ ಒಳಗಿನಿಂದ ಜೀವಕೋಶ ಕೆರೆದು ತೆಗೆದು ತೋರಿಸಿದೆ. ಆ ದಿನ ಅವರಿಗೆ ಬಸ್ಸು ತಪ್ಪಿತು. ಮಗಳಿಗೆ ತಾಯಿಯ ಮೇಲೆ ಸಿಟ್ಟು ಬಂತು.

ಪರೀಕ್ಷೆಯಾಯಿತು. ಆ ತರಗತಿಯ ಇಬ್ಬರಿಗೆ ಕೃಷಿ ಸೀಟು ಸಿಕ್ಕಿತು. ಮಗಳಿಗೂ ಸಿಗುತ್ತಿತ್ತು, ಆದರೆ ಅವಳು ನರ್ಸಿಂಗ್ ಬೇಕೆಂದು ಕುಳಿತಳು. "ಅಮ್ಮಂಗೆ ಗೊತ್ತಿರೋದನ್ನೇ ನಾನೂ ಓದ್ಬೇಕಾ ಮೇಡಂ? ನಮ್ಮ ಮನೇಲಿ ಯಾರಿಗೂ ಗೊತ್ತಿಲ್ಲದ್ದು ಓದ್ತೀನಿ," ಎಂದಳು.

ತಾಯಿಗೆ ನೋವಾಯಿತು. ಆದರೂ, "ಆಗ್ಲಿ, ಆ ಕಾಲೇಜನ್ನೂ ಒಂದ್ಸಾರಿ ನೋಡ್ಕೊಂಡು ಬರ್ತೀನಿ," ಎಂದರು. ಮರುದಿನವೇ ಮಗಳ ಜೊತೆ ದಾವಣಗೆರೆಗೆ ಹೋಗಿ, ಹಾಸ್ಟೆಲ್ ಅಡುಗೆಮನೆಯಿಂದ ಗ್ರಂಥಾಲಯದವರೆಗೆ ಎಲ್ಲವನ್ನೂ ನೋಡಿ ಬಂದರು. ಅಲ್ಲಿದ್ದ ಅಸ್ಥಿಪಂಜರ ನಿಜವಾದದ್ದೇ ಎಂದು ನನಗೆ ಫೋನ್ ಮಾಡಿ ಕೇಳಿದರು. ಬಾಂಡಿನ ಹಣ ಮೊದಲ ವರ್ಷದ ಶುಲ್ಕಕ್ಕೆ, ಬಿಳಿ ಸಮವಸ್ತ್ರಕ್ಕೆ ಹೋಯಿತು. ಎರಡನೇ ಮಗಳು ಇನ್ನೂ ಮೂರನೇ ಕ್ಲಾಸು. ಅವಳ ಹೆಸರಿಗೆ ಅಂಚೆ ಕಚೇರಿಯಲ್ಲಿ ಖಾತೆ ತೆರೆಯುವ ಅರ್ಜಿ ತುಂಬಲು ನನ್ನ ಬಳಿಗೇ ಬಂದರು.

ಈ ವರ್ಷ ತರಬೇತಿ ಕೊಡಲು ಹೊರಗಿನವರನ್ನು ಕರೆಸಲು ಅನುದಾನದಲ್ಲಿ ಅವಕಾಶವಿತ್ತು. ಪ್ರಾಂಶುಪಾಲರು ಆಕೆಯ ಹೆಸರೇ ಬರೆಯಿರಿ ಎಂದರು. ನಮೂನೆಯಲ್ಲಿ ವಿದ್ಯಾರ್ಹತೆಯ ಕಾಲಂ ಬಂದಾಗ ಪೆನ್ನು ನಿಂತಿತು. ಫೋನ್ ಮಾಡಿದೆ.

"ನಾಲ್ಕನೇ ಕ್ಲಾಸ್ ಅಂತ ಬರೀರಿ ಮೇಡಂ. ಸುಳ್ಳು ಯಾಕೆ?"

ಹಾಗೇ ಬರೆದು ಕಳಿಸಿದೆ. ಇದು ವಾಪಸ್ಸು ಬರುತ್ತದೆ ಎಂದೇ ಕಾದೆ. ಒಂದು ತಿಂಗಳಿಗೆ ಮಂಜೂರಾಗಿ ಬಂತು, ಯಾರೂ ಏನೂ ಕೇಳಿರಲಿಲ್ಲ. ಆ ಸಾಲನ್ನು ಕಚೇರಿಯವರು ಓದಿದರೋ, ಓದಿಯೂ ಸಹಿ ಹಾಕಿದರೋ, ಇವತ್ತಿಗೂ ನನಗೆ ಕುತೂಹಲ.

ಮೊದಲ ಭಾನುವಾರ ಆಕೆ ಹಾಜರಿ ಪುಸ್ತಕ ಕೈಗೆತ್ತಿಕೊಂಡು, "ನಾನೂ ಕರೀಬೇಕಾ?" ಎಂದರು. ಕರೆಯಿರಿ ಎಂದೆ. ಅಕ್ಷರ ಕೂಡಿಸಿ ಒಂದೊಂದೇ ಹೆಸರು ಓದಿದರು. ಎದ್ದು ನಿಂತ ಪ್ರತಿ ಮಗುವನ್ನೂ ಯಾವ ಊರು, ಈ ಸಲ ಹೊಲಕ್ಕೆ ಏನು ಹಾಕಿದ್ದೀರಿ ಎಂದು ವಿಚಾರಿಸಿದರು. ಗಂಟೆಯ ಮುಕ್ಕಾಲು ಭಾಗ ಹಾಜರಿಗೇ ಹೋಯಿತು.