ಸಂಡೂರಿನ ಕೋಟೆಯಲ್ಲಿ ಕಳೆದ ರೀಲು

ದಸರೆ ಮುಗಿದ ಮರುವಾರ ನಾನು ಮತ್ತು ನನ್ನ ಹೆಂಡತಿ ಶಾಂತಾ ಧಾರವಾಡದಿಂದ ರೈಲು ಹತ್ತಿ ಬೆಳಗ್ಗೆ ಹೊಸಪೇಟೆಯಲ್ಲಿ ಇಳಿದೆವು. ಹೈಸ್ಕೂಲಿನಲ್ಲಿ ಇತಿಹಾಸ ಕಲಿಸುತ್ತಿದ್ದ ಶಾಂತಾ ಆ ಬೇಸಿಗೆಯಲ್ಲಷ್ಟೇ ನಿವೃತ್ತಳಾಗಿದ್ದಳು. ಪುಸ್ತಕ ನೋಡಿ ವಿವರಿಸಿದ ಕೋಟೆ, ಉದ್ಯಾನಗಳನ್ನು ಒಮ್ಮೆ ಕಣ್ಣಾರೆ ಕಂಡು ತಾನೇ ಫೋಟೊ ತೆಗೆಯಬೇಕೆಂಬುದು ಅವಳ ಬಹುಕಾಲದ ಆಸೆ.

ಬಾಡಿಗೆ ಕಾರು ಸಿಗುವುದೇ ಕಷ್ಟವಾಯಿತು. ಇದ್ದಬದ್ದ ಗಾಡಿಗಳನ್ನೆಲ್ಲ ಗಣಿಯವರು ತಿಂಗಳ ಬಾಡಿಗೆಗೆ ಹಿಡಿದಿಟ್ಟಿದ್ದರು. ಕೊನೆಗೆ ಚಿತ್ತವಾಡ್ಗಿಯ ನಾಗರಾಜ ಎಂಬ ಚಾಲಕ ಒಪ್ಪಿದ. ಹೊರಡುವ ಮೊದಲೇ ನಮ್ಮ ಕ್ಯಾಮೆರಾ ಚೀಲವನ್ನು ನೋಡಿ, "ತಮ್ಮ ಡ್ಯೂಟಿ ಯಾವುದ್ರಿ ಸರ್?" ಎಂದು ಕೇಳಿದ. ಬ್ಯಾಂಕಿನಲ್ಲಿದ್ದೆ ಎಂದೆ. ನಂಬಿದಂತೆ ಕಾಣಲಿಲ್ಲ.

ಮೊದಲು ಕಂಪ್ಲಿಗೆ ಹೋದೆವು. ಮಳೆಗಾಲ ಕಳೆದು ಆಕಾಶ ತಿಳಿಯಾಗಿತ್ತು; ದಾರಿಯುದ್ದಕ್ಕೂ ತೆನೆ ಹೊತ್ತ ಭತ್ತ. ಹೊಳೆದಂಡೆಯ ಕೋಟೆಗೋಡೆಯ ಮೇಲೆ ಯಾರೋ ಸೀರೆ ಒಣಹಾಕಿದ್ದರು. ಶಾಂತಾ ಅದನ್ನೂ ಸೇರಿಸಿಯೇ ಫೋಟೊ ತೆಗೆದಳು. ನಾನು ಮಿರ್ಚಿ ಭಜಿ ಕಟ್ಟಿಸಿಕೊಂಡು ಹಿಂತಿರುಗುವಾಗ ಕಾರಿನ ಮರೆಯಲ್ಲಿ ನಾಗರಾಜನ ದನಿ ಕೇಳಿಸಿತು: "ಇಬ್ರ ಅದಾರ. ಕ್ಯಾಮೆರಾ ಐತಿ. ಮಧ್ಯಾಹ್ನ ಆ ಕಡೀಗೇ ಬರ್ತಾರ." ನನ್ನನ್ನು ಕಂಡದ್ದೇ ಮೊಬೈಲನ್ನು ಜೇಬಿಗಿಟ್ಟ.

ಹಂಪಿಯ ಕಮಲ ಮಹಲಿನ ಹುಲ್ಲುಹಾಸಿನಲ್ಲಿ ಈ ಮಾತನ್ನು ಶಾಂತಾಳಿಗೆ ಹೇಳಿದೆ. ಅವಳು ಕಮಾನಿನಿಂದ ಕಣ್ಣು ತೆಗೆಯಲಿಲ್ಲ. "ಮನೀಗೆ ಮಾಡಿರಬೇಕು. ನಿಮಗ ಎಲ್ಲಾದ್ರಾಗೂ ಸಂಶಯ." ರಾಣಿಯರು ಓಡಾಡುತ್ತಿದ್ದ ತೋಟ ಎಲ್ಲಿಂದ ಎಲ್ಲಿಯವರೆಗಿತ್ತೆಂದು ನನಗೇ ಪಾಠ ಮಾಡುತ್ತ ನಡೆದಳು. ನನ್ನ ಕಿವಿಗೆ ಅದು ಬೀಳಲಿಲ್ಲ. ಗೇಟಿನಾಚೆ ನಾಗರಾಜ ನಮ್ಮನ್ನೇ ನೋಡುತ್ತ ನಿಂತಿದ್ದ.

ಸಂಡೂರಿನ ದಾರಿಯಲ್ಲಿ ಅದಿರಿನ ಲಾರಿಗಳ ಸಾಲು. ಬೇವಿನ ಎಲೆಯೂ ಕೆಂಪು, ಎಮ್ಮೆಯ ಬೆನ್ನೂ ಕೆಂಪು. ಒಂದೆಡೆ ನಿಲ್ಲಿಸಲು ಹೇಳಿದರೆ, "ಇಲ್ಲಿ ಬ್ಯಾಡ್ರಿ" ಎಂದು ನಾಗರಾಜ ವೇಗ ಹೆಚ್ಚಿಸಿದ. ನಮ್ಮ ಹಿಂದೆ ಒಂದು ಬಿಳಿ ಜೀಪು ಬರುತ್ತಲೇ ಇತ್ತು.

ಸಂಡೂರಿನ ಪಕ್ಕದ ಕೃಷ್ಣಾನಗರದ ಕೋಟೆಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಶಾಂತಾ ಬುರುಜು ಹತ್ತಿ ಸುತ್ತಲ ಗುಡ್ಡಗಳ ಕಡೆ ಕ್ಯಾಮೆರಾ ಹಿಡಿದಳು. ಹಸಿರಿನ ನಡುವೆ ಒಂದು ಗುಡ್ಡದ ಅರ್ಧಭಾಗವೇ ಇರಲಿಲ್ಲ. ಅಷ್ಟರಲ್ಲಿ ಜೀಪಿನಿಂದ ಇಬ್ಬರು ಇಳಿದು ಬಂದರು.

"ಯಾವ ಚಾನೆಲ್ರಿ?" ದಪ್ಪಗಿದ್ದವನು ಕೇಳಿದ.

"ನಾನು ಟೀಚರ್. ಕೋಟೆ ನೋಡಾಕ ಬಂದೀನಿ," ಎಂದಳು ಶಾಂತಾ.

"ಕೋಟೆ ಈ ಕಡಿ ಐತಿ. ನೀವು ಹಿಡದಿದ್ದು ಆ ಕಡಿ. ಕ್ಯಾಮೆರಾ ಕೊಡ್ರಿ."

ಅವಳು ಅದನ್ನು ಎದೆಗವಚಿಕೊಂಡಳು. ಆಗ ನಾಗರಾಜ ಓಡಿ ಬಂದು ನಡುವೆ ನಿಂತ. "ಅಣ್ಣಾ, ರೀಲ್ ಅಷ್ಟ ತಗೋರಿ. ವಯಸ್ಸಾದವ್ರು, ಬಿಡ್ರಿ." ದಪ್ಪನೆಯವನು ಕ್ಯಾಮೆರಾ ಬಿಚ್ಚಿಸಿ ರೀಲನ್ನು ಹಿರಿದು ಬಿಸಿಲಿಗೆ ಹಿಡಿದ. ಕಂಪ್ಲಿ, ಕಮಲ ಮಹಲು ಎಲ್ಲವೂ ಅಲ್ಲೇ ಸುಟ್ಟುಹೋದವು.

ಜೀಪು ಹೋದ ಮೇಲೆ ಶಾಂತಾ ಕೇಳಿದಳು: "ಫೋನ್ ಮಾಡಿದ್ದು ನೀನೇನಪಾ?"

"ಹೌದ್ರಿ ಅಮ್ಮಾರ," ಎಂದ ನಾಗರಾಜ, ನೆಲ ನೋಡುತ್ತ. "ಯಾರರೆ ಕ್ಯಾಮೆರಾ ತಂದ್ರ ಹೇಳಬೇಕು. ನನ್ನ ತಮ್ಮ ಅವ್ರ ಟಿಪ್ಪರ್ ಓಡಸ್ತಾನ. ಹೇಳಿದ್ದೂ ನಾನ, ಬಿಡಿಸಿದ್ದೂ ನಾನ. ಕುಂದ್ರಿ, ಹೊಸಪೇಟಿಗೆ ಬಿಡ್ತೀನಿ."

ಶಾಂತಾ ಆ ಕಾರು ಹತ್ತಲಿಲ್ಲ. ಬಿಸಿಲಿನಲ್ಲಿ ನಡೆದು ಸಂಡೂರು ಸೇರಿ ಬಸ್ಸು ಹಿಡಿದೆವು. ಅವಳು ಖಾಲಿ ಕ್ಯಾಮೆರಾವನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯ ಕಡೆ ಮುಖ ಮಾಡಿದ್ದಳು. ಕಂಡಕ್ಟರ್ ಬಹಳ ಒಳ್ಳೆಯ ಮನುಷ್ಯನಂತೆ ಕಂಡ. ಟಿಕೆಟ್ ಹರಿದು ಕೊಟ್ಟು, ನಗುತ್ತ ಕೇಳಿದ: "ಪರವೂರಿನವರೇನ್ರಿ? ನಮ್ಮ ಕಡಿ ಏನೇನ್ ನೋಡಿದ್ರಿ?"

ನಾನು ಬಾಯಿ ತೆರೆಯುವ ಮೊದಲೇ ಶಾಂತಾ ಅಂದಳು: "ಏನೂ ನೋಡಿಲ್ಲರಿ."