ಅಪ್ಪ ಸೋಸಿದ ಪೆಟ್ರೋಲು

ಬೆಟಗೇರಿಯ ನಮ್ಮ ಓಣಿಯಲ್ಲಿ ಕಾರು ನಿಂತರೆ ಯಾರ ಮನೆಗೋ ಹೆಣ್ಣು ನೋಡಲು ಬಂದಿದ್ದಾರೆ ಎಂದೇ ಜನ ತಿಳಿಯುತ್ತಿದ್ದ ದಿನಗಳವು. ಅಂಥದರಲ್ಲಿ ನಮ್ಮ ಕಟ್ಟೆಯ ಮುಂದೆಯೇ ಒಂದು ಬಿಳಿ ಸಣ್ಣ ಕಾರು ಬಂದು ನಿಂತಿತು. ಬೇರೆಯವರು ಬಳಸಿ ಬಿಟ್ಟದ್ದನ್ನು ನಾವು ಕೊಂಡ ಗಾಡಿ. ಅಪ್ಪ ಎರಡು ಮಗ್ಗ ಇಟ್ಟುಕೊಂಡು ಸೀರೆ ನೇಯುತ್ತಿದ್ದ. ಹತ್ತಿರದ ಎಳೆ ನೋಡುವ ಅವನ ಕಣ್ಣಿಗೆ ದೂರದ್ದು ಮಸುಕು. ಹಾಗಾಗಿ ಡ್ರೈವಿಂಗ್ ಕಲಿತವಳು ಅವ್ವ. ವಾರಕ್ಕೆರಡು ಸಲ ಸೀರೆಯ ಗಂಟು ಹಾಕಿಕೊಂಡು ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಮನೆಗಳಿಗೆ ಹೋಗಿ ಮಾರಿ ಬರುತ್ತಿದ್ದಳು. ಶಾಲೆಗೆ ರಜೆ ಇದ್ದ ದಿನ ಹಿಂದಿನ ಸೀಟಿನಲ್ಲಿ ಗಂಟಿನ ಪಕ್ಕ ನಾನು. ಆಗ ನನಗೆ ಒಂಬತ್ತು ವರ್ಷ.

ಆ ಚಳಿಗಾಲದಲ್ಲಿ ಕಾರು ತಡವರಿಸಲು ಶುರುಮಾಡಿತು. ನಿಂತಲ್ಲಿ ಎಂಜಿನ್ ಚೆನ್ನಾಗಿಯೇ ತಿರುಗುತ್ತಿತ್ತು. ಆಕ್ಸಿಲರೇಟರ್ ಒತ್ತಿದರೆ ಮಾತ್ರ ಉಸಿರು ಕಟ್ಟಿದಂತೆ ಒಂದು ಕ್ಷಣ ನಿಂತು, ಎರಡು ಸಲ ಜಗ್ಗಿ, ಆಮೇಲೆ ಓಡುತ್ತಿತ್ತು. ಸೀಟಿನ ಮೇಲೆ ಹರಳಾಟ ಆಡುತ್ತಿದ್ದ ನನ್ನ ಮುಂಗೈ ಮೇಲಿನ ಕಲ್ಲುಗಳೆಲ್ಲ ಪ್ರತಿ ಸಲ ಕೆಳಗೆ ಚೆಲ್ಲುತ್ತಿದ್ದವು.

“ಕ್ಲಚ್ ಮ್ಯಾಲಿನ ಕಾಲ ತಗಿಯಂಗಿಲ್ಲ ನೀ,” ಎನ್ನುತ್ತಿದ್ದ ಅಪ್ಪ.

“ನನ್ನ ಕಾಲ ಅಲ್ಲೆ ಇಲ್ಲರಿ. ಬಗ್ಗಿ ನೋಡ್ರಿ ಬೇಕಾರ.”

ಓಣಿಯ ಮಂದಿಗೂ ಅದೇ ಮಾತು. “ಹೆಂಗಸರ ಕೈಗೆ ಕೊಟ್ರ ಗಾಡೀನೂ ಕುಂಟತೈತಿ” ಎಂದು ಕಟ್ಟೆಯ ಮೇಲೆ ಕುಳಿತವರು ನಗುತ್ತಿದ್ದರು. ಒಂದು ದಿನ ಊಟದ ಹೊತ್ತಿಗೆ ಅಪ್ಪ ತೀರ್ಮಾನ ಹೇಳಿದ. “ಈ ಸಲ ಶಿರಹಟ್ಟಿಗೆ ನಾನೂ ಬರ್ತೀನಿ. ಹಿಂಗ ಜಗ್ಗಿದ್ರ ಡ್ರೈವರ್ ಇಡೂದ. ನೀ ಮನ್ಯಾಗ ಇರು.” ಅವ್ವ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದಳು. ವರ್ಷವಿಡೀ ಮಗ್ಗದ ಮನೆಯಲ್ಲಿ ನೂಲಿನ ಕಂಡಿಕೆ ಸುತ್ತುತ್ತಿದ್ದವಳಿಗೆ ವಾರದ ಆ ಎರಡು ದಿನಗಳೇ ಹೊರಗಿನ ಲೋಕ. ಅದು ನನಗೂ ತಿಳಿಯುತ್ತಿತ್ತು.

ಹೊರಟ ದಿನ ಹೊಲಗಳಲ್ಲಿ ಎಳೆ ಜೋಳದ ಸೀತನಿ ಸುಡುವ ಹೊಗೆಯ ವಾಸನೆ. ದಾರಿಯಲ್ಲಿ ಕಾರು ನಾಲ್ಕು ಸಲ ಜಗ್ಗಿತು. ಶಿರಹಟ್ಟಿಯ ಹತ್ತಿರದ ಏರಿನಲ್ಲಿ ನಿಂತೇಬಿಟ್ಟಿತು. ಅಪ್ಪ ಕಿಟಕಿಯ ಹೊರಗೆ ನೋಡುತ್ತ, “ಆತಲಾ,” ಎಂದ. ಅವ್ವ ಮತ್ತೆ ಚಾಲೂ ಮಾಡಿ ಹೇಗೋ ಊರು ಮುಟ್ಟಿಸಿ, ಬೇವಿನ ಮರದ ಕೆಳಗಿನ ಗ್ಯಾರೇಜಿನ ಮುಂದೆ ನಿಲ್ಲಿಸಿದಳು.

ಮೇಸ್ತ್ರಿ ಫಕ್ಕೀರಪ್ಪ ಮೊದಲು ಏನನ್ನೂ ಬಿಚ್ಚಲಿಲ್ಲ. “ಅಕ್ಕಾರ, ನೀವ ಇಳೀರಿ. ನಾ ಒಂದ ಸುತ್ತ ಹಾಕಿ ಬರ್ತೀನಿ,” ಎಂದು ತಾನೇ ಓಡಿಸಿಕೊಂಡು ಹೋದ. ತಿರುವಿನಲ್ಲಿ ಕಾರು ಅವನ ಕೈಯಲ್ಲೂ ಹಾಗೆಯೇ ಜಗ್ಗಿದ್ದನ್ನು ಮೂವರೂ ಕಂಡೆವು.

ಬಂದವನು ಪ್ಲಗ್ ಬಿಚ್ಚಿ ನೋಡಿದ. ಅವು ನೆಟ್ಟಗಿದ್ದವು. ಗಾಳಿ ಸೋಸುವ ಜಾಳಿಗೆ ತೆಗೆದು ಕೊಡವಿದ. ಅದರಲ್ಲೂ ದೋಷವಿರಲಿಲ್ಲ. ಆಮೇಲೆ ಪೆಟ್ರೋಲ್ ಪೈಪಿನ ಗುಂಟ ಬೆರಳಾಡಿಸಿ ನಿಂತ.

“ಅಣ್ಣಾರ, ಇಲ್ಲಿ ಒಂದ ಸಣ್ಣ ಫಿಲ್ಟರ್ ಇರ್ತೈತಿ. ಎಲ್ಲಿ ಹೋತು?”

ಅಪ್ಪ ಬೇವಿನ ಮರದ ಕಡೆ ತಿರುಗಿದ. ಫಕ್ಕೀರಪ್ಪ ಕಾರ್ಬುರೇಟರ್ ಇಳಿಸಿ ಅದರ ಬಟ್ಟಲನ್ನು ತಾಟಿಗೆ ಬಗ್ಗಿಸಿದ. ತಳದಲ್ಲಿ ಬಿಳಿಯ ಕೆಸರು, ಅದರಲ್ಲಿ ಕೂದಲಿಗಿಂತ ಸಣ್ಣ ಎಳೆಗಳು. ಪೆಟ್ರೋಲು ಹಾಯುವ ಜೆಟ್ ಎಂಬ ಪುಟ್ಟ ಹಿತ್ತಾಳೆ ತುಂಡನ್ನು ನನ್ನ ಮುಂದೆ ಬಿಸಿಲಿಗೆ ಹಿಡಿದು, “ನೋಡವಾ, ಬೆಳಕ ಕಾಣ್ತೈತೇನು?” ಎಂದ. ಅದರ ತೂತಿನಲ್ಲಿ ಏನೂ ಕಾಣಲಿಲ್ಲ.

“ಪೆಟ್ರೋಲ್ ಹೆಂಗ ಹಾಕ್ತೀರಿ?”

ಅಪ್ಪ ಇನ್ನೂ ಮರವನ್ನೇ ನೋಡುತ್ತಿದ್ದ. ನಾನು ಹೇಳಿದೆ. “ಡಬ್ಬಿಯಾಗ ತಂದು, ಹೊಸಾ ಅರಿವಿಯಾಗ ಸೋಸಿ ಹಾಕ್ತಾನ. ಅರಿವಿ ನಾ ಹಿಡಿತೀನಿ.”

ನಮ್ಮ ಮನೆಯಲ್ಲಿ ನೀರು, ಮಜ್ಜಿಗೆ, ಎಣ್ಣೆ ಎಲ್ಲವೂ ಅಪ್ಪನ ಮಗ್ಗದಿಂದ ಕತ್ತರಿಸಿದ ತುಂಡಿನಲ್ಲೇ ಸೋಸಿ ಪಾತ್ರೆಗೆ ಇಳಿಯುತ್ತಿದ್ದವು. ತನ್ನ ನೇಯ್ಗೆಯಲ್ಲಿ ಸೊಳ್ಳೆಯ ಕಾಲೂ ದಾಟುವುದಿಲ್ಲ ಎಂಬುದು ಅವನ ಹೆಮ್ಮೆ. ಅಂಥ ಬಟ್ಟೆ ಇರುವಾಗ ಈ ಪ್ಲಾಸ್ಟಿಕ್ ಡಬ್ಬಿ ಯಾಕೆಂದು ಫಿಲ್ಟರನ್ನು ಕಿತ್ತು ಎಸೆದವನೂ ಅವನೇ. ಆದರೆ ಮಗ್ಗದಿಂದ ಇಳಿದ ಹೊಸ ಬಟ್ಟೆಯಲ್ಲಿ ನೂಲಿಗೆ ಹಚ್ಚಿದ ಗಂಜಿ ಒಣಗಿ ಕುಳಿತಿರುತ್ತದೆ. ಅದು ಪುಡಿಯಾಗಿ, ಎಳೆಗಳ ಜೊತೆ, ಪ್ರತಿ ಸಲ ಪೆಟ್ರೋಲಿನೊಳಗೆ ಹೋಗಿತ್ತು.

ಫಕ್ಕೀರಪ್ಪ ನಗು ತಡೆಯಲಿಲ್ಲ. “ಅಣ್ಣಾರ, ಇನ್ನೊಂದ ತಿಂಗಳ ಬಿಟ್ಟಿದ್ರ ಇದರೊಳಗ ಒಂದ ಸೀರಿ ಬರ್ತಿತ್ತ ನೋಡ್ರಿ.”

ಅವ್ವ ನಗಲಿಲ್ಲ. “ಎಷ್ಟೊತ್ತ ಹಿಡಿತೈತ್ರಿ?” ಎಂದಷ್ಟೇ ಕೇಳಿದಳು.

ಟಾಕಿ ಬರಿದು ಮಾಡಿ, ಜೆಟ್ ಊದಿ, ಹೊಸ ಫಿಲ್ಟರ್ ಕೂಡಿಸುವಷ್ಟರಲ್ಲಿ ಮಧ್ಯಾಹ್ನ ಕಳೆಯಿತು. ನಾವು ಕಟಕ ರೊಟ್ಟಿ, ಶೇಂಗಾ ಚಟ್ನಿ ತಿಂದೆವು. ಅಪ್ಪ ಅರ್ಧ ರೊಟ್ಟಿಗೇ ಕೈ ತೊಳೆದ. ಮರಳುವಾಗ ಅದೇ ಏರು ಇಳಿದು, ಮುಂದಿನ ದಿಬ್ಬವನ್ನು ಕಾರು ಎಲ್ಲೂ ತಡೆಯದೆ ಹತ್ತಿತು. ಆಗ ಅಪ್ಪ ಅವ್ವನ ಕಡೆ ತಿರುಗದೆ ಹೇಳಿದ. “ಇಷ್ಟ ದಿನ ನಿನ್ನ ಕಾಲಿಗೆ ಅಂದ್ನಿ. ತಪ್ಪು ನನ್ನ ಕೈಯಾಂದಿತ್ತು.”

ಅವನ ಬಾಯಿಂದ ಅಂಥ ಮಾತು ನಾನು ಕೇಳಿದ್ದು ಅದೊಂದೇ ಸಲ. ಡ್ರೈವರನ ವಿಷಯ ಮತ್ತೆ ಏಳಲಿಲ್ಲ. ನಾನು ಕಾಲೇಜು ಮುಗಿಸುವವರೆಗೂ ಅವ್ವ ಆ ದಾರಿಗಳಲ್ಲಿ ಗಾಡಿ ಓಡಿಸಿದಳು.

ಕಳೆದ ತಿಂಗಳು ಗದಗಿನಲ್ಲಿ ನನ್ನ ಕಾರೂ ಹೀಗೆಯೇ ತಡವರಿಸಿತು. ಗ್ಯಾರೇಜಿನ ಹುಡುಗರು ಕಂಪ್ಯೂಟರ್ ಜೋಡಿಸಿ ಪರದೆಯ ಮೇಲೆ ಬಂದ ಅಂಕಿ ಓದಿ, ಒಂದು ಬಿಡಿಭಾಗ ಬದಲಿಸಿ ಕೊಟ್ಟರು. ಅರ್ಧ ಗಂಟೆಯ ಕೆಲಸ. ಬಾನೆಟ್ ಎತ್ತಿದ್ದು ಯಾವಾಗ, ಮುಚ್ಚಿದ್ದು ಯಾವಾಗ, ನಾನು ನೋಡಲೇ ಇಲ್ಲ. ಯಾರೂ ಯಾರನ್ನೂ ದೂರಲಿಲ್ಲ. ಯಾರೂ ತಪ್ಪು ಒಪ್ಪಿಕೊಳ್ಳಬೇಕಾಗಿಯೂ ಬರಲಿಲ್ಲ.

ಯಾರು ಏನಂದರು ಎಂದು ಬರೆದಿಡುವುದೇ ನನ್ನ ಹೊಟ್ಟೆಪಾಡು. ಆ ದಿನದ ಮಾತುಗಳೆಲ್ಲ ಈಗಲೂ ನನ್ನ ಬಳಿ ಇವೆ. ಇಲ್ಲದ್ದು ಒಂದೇ. ಅಪ್ಪ ಹಾಗಂದಾಗ ಅವ್ವನ ಮುಖ ಹೇಗಿತ್ತು? ಹಿಂದೆ ಕುಳಿತ ನನಗೆ ಅವಳ ತುರುಬು, ಅದರಲ್ಲಿನ ಅಬ್ಬಲಿಗೆ ಹೂವು ಮಾತ್ರ ಕಂಡವು. ಅವ್ವ, ಅಪ್ಪ ಇಬ್ಬರೂ ಈಗ ಇಲ್ಲ. ಅವರಿದ್ದಾಗ, ಕೇಳಬೇಕೆಂದು ನನಗೆ ಹೊಳೆಯಲಿಲ್ಲ.