ಕೆಳಗಿನ ಟ್ರೇ

"ಒಂದೂ ಒಡೆದಿಲ್ಲ, ನೋಡ್ಕೋ ಮಗೂ."

ಪ್ರತಿ ಶುಕ್ರವಾರ ರಟ್ಟಿನ ಪೆಟ್ಟಿಗೆಯನ್ನು ನನ್ನ ಮೇಜಿನ ಮೇಲಿಡುತ್ತಾ ಅವರು ಹೇಳುತ್ತಿದ್ದ ಮಾತು ಇದೊಂದೇ. ಎಪ್ಪತ್ತರ ದಶಕದ ಡೆಟ್ರಾಯಿಟ್‌ನಲ್ಲಿ ನಾನು ಆಸ್ಪತ್ರೆಯೊಂದರ ಲ್ಯಾಬ್ ಟೆಕ್ನಿಷಿಯನ್. ಅವರು ಕಪ್ಪು ಜನರ ಬಡಾವಣೆಯ ಕ್ಲಿನಿಕ್ಕಿನ ಆಯಾ. ಗರ್ಭಕಂಠದ ಕ್ಯಾನ್ಸರ್ ಪರೀಕ್ಷೆಯ ಗಾಜಿನ ಸ್ಲೈಡುಗಳನ್ನು ತೊಡೆಯ ಮೇಲಿಟ್ಟುಕೊಂಡು, ಎರಡು ಬಸ್ಸು ಬದಲಿಸಿ ತರುತ್ತಿದ್ದರು.

ನಮ್ಮಲ್ಲಿ ಎರಡು ಟ್ರೇ ಇದ್ದವು. ಮೇಲಿನದು ಪ್ರೈವೇಟ್ ಡಾಕ್ಟರುಗಳ ಬಿಳಿಯ ರೋಗಿಗಳದ್ದು. ಎರಡೇ ದಿನದಲ್ಲಿ ರಿಪೋರ್ಟ್. ಕೆಳಗಿನದು ಕ್ಲಿನಿಕ್ಕಿನದು, ಪುರುಸೊತ್ತಾದಾಗ ನೋಡಿದರಾಯಿತು. ಎಲ್ಲೂ ಬರೆದಿಟ್ಟ ನಿಯಮವಲ್ಲ. ಕೆಲಸಕ್ಕೆ ಸೇರಿದ ದಿನವೇ ಕಲಿತುಬಿಟ್ಟಿದ್ದೆ.

ಒಂದು ಶುಕ್ರವಾರ ಪೆಟ್ಟಿಗೆಯಿಟ್ಟವರು ಹೋಗದೆ ನಿಂತರು.

"ಈ ಸಲ ಇದ್ರಲ್ಲಿ ನಂದೂ ಒಂದಿದೆ," ಎಂದರು ಮೆಲ್ಲಗೆ.

ಸ್ಲೈಡನ್ನು ಕೈಗೆತ್ತಿಕೊಂಡು ಮೇಲಿನ ಟ್ರೇ ನೋಡಿದೆ. ಎದುರಿಗೆ ಸೂಪರ್‌ವೈಸರ್ ಕೂತಿದ್ದರು. ಕೆಳಗಿನದರಲ್ಲೇ ಇಟ್ಟೆ. ಆಯಾ ಅದನ್ನು ನೋಡಿ ಬಾಗಿಲ ಕಡೆ ನಡೆದರು.

ಅದರ ಸರದಿ ಬರುವಷ್ಟರಲ್ಲಿ ಒಂಬತ್ತು ವಾರ ಕಳೆದಿತ್ತು. ಕ್ಯಾನ್ಸರ್ ಎಂದು ಬರೆದ ತಮ್ಮ ರಿಪೋರ್ಟಿದ್ದ ಲಕೋಟೆಯನ್ನೂ, ಉಳಿದ ಲಕೋಟೆಗಳ ಜೊತೆ, ಅವರೇ ಕ್ಲಿನಿಕ್ಕಿಗೆ ಒಯ್ದರು.

ಹಿಮ ಬೀಳುವ ಹೊತ್ತಿಗೆ ಪೆಟ್ಟಿಗೆ ಹಿಡಿದು ಬೇರೊಬ್ಬ ಹೆಂಗಸು ಬಂದಳು.

"ಹೋದ ವಾರ ತೀರ್ಕೊಂಡ್ರು," ಎಂದಳು. "ಇದನ್ನ ಎಲ್ಲಿಡ್ಲಿ?"

ನಾನು ಕೆಳಗಿನ ಟ್ರೇ ತೋರಿಸಿದೆ.